ಮೈಸೂರಿನ ಮನೆಯಿಂದ ಹೊರಟ ಆಕಾಶವಾಣಿ

ನಮ್ಮಮ್ಮನಿಗೆ ಕೊನೆಯ ವರ್ಷಗಳಲ್ಲಿ ಗ್ಲಾಕೋಮಾದಿಂದ ಕಣ್ಣು ಕಾಣುತ್ತಿರಲಿಲ್ಲ. ಡಾಕ್ಟರ್ ಮಗ ಷಿಕಾಗೋದಲ್ಲಿ. ಮೈಸೂರಿನ ಮನೆಯಲ್ಲಿ ಅವಳಿಗೆ ಜೊತೆಯಾಗಿದ್ದದ್ದು ರೇಡಿಯೋ. ನಾನು ಫೋನ್ ಮಾಡಿದರೆ, "ತಡಿ, ವಾರ್ತೆ ಮುಗೀಲಿ" ಎನ್ನುತ್ತಿದ್ದಳು!

ಆ ರೇಡಿಯೋದ ಕಥೆ ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಗೊತ್ತಿರಲಾರದು. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 'ವಿಠ್ಠಲ ವಿಹಾರ' ಎಂಬ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಮನಸ್ಸನ್ನು ಓದಿದವರಿಗೆ ಕಿವಿಯ ಬೆಲೆ ಗೊತ್ತಿತ್ತೇನೋ! ಟ್ರಾನ್ಸ್‌ಮಿಟರ್ ಬರೇ 30 ವ್ಯಾಟಿನದು. ನಮ್ಮ ಅಡುಗೆಮನೆಯ ಮಂಕು ಬಲ್ಬಿಗೂ ಅದಕ್ಕಿಂತ ಹೆಚ್ಚು ಬೇಕಿತ್ತು. ಕೇಂದ್ರಕ್ಕೆ ಇಟ್ಟ ಹೆಸರು 'ಆಕಾಶವಾಣಿ'. 1942ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. 1950ರ ದಶಕದಲ್ಲಿ ಅದೇ ಹೆಸರು ಇಡೀ ದೇಶದ ರೇಡಿಯೋಗೆ ಬಂತು.

ಹೆಸರು ದೇಶಕ್ಕೆ ಸಿಕ್ಕಿತು, ಕೇಂದ್ರ ಮಾತ್ರ 1955ರಲ್ಲಿ ಬೆಂಗಳೂರಿಗೆ ಹೊರಟುಹೋಯಿತು. ಮೈಸೂರಿಗೆ ಮತ್ತೆ ಸ್ವಂತ ಕೇಂದ್ರ ಬಂದದ್ದು 1974ರಲ್ಲಿ. ಬೆಂಗಳೂರಿನವರ ಮೇಲೆ ಅಮ್ಮನಿಗೆ ಆ ಮುನಿಸು ಕಡೆಯವರೆಗೂ ಇತ್ತು.

ಅಮ್ಮ ಹೋದ ಮೇಲೆ ಅವಳ ಸೆಟ್ಟನ್ನು ಸೂಟ್‌ಕೇಸಿನಲ್ಲಿಟ್ಟು ಇಲ್ಲಿಗೆ ತಂದೆ. ಇಲ್ಲಿ ಅದಕ್ಕೆ ಮೈಸೂರು ಸಿಗುವುದಿಲ್ಲ, ಅಷ್ಟು ನನಗೂ ಗೊತ್ತು. ರಾತ್ರಿ ಕ್ಲಿನಿಕ್ಕಿನಿಂದ ಬಂದು ಫೋನಿನಲ್ಲಿ ಆಕಾಶವಾಣಿ ಹಾಕಿ, ಆ ಸೆಟ್ಟಿನ ಪಕ್ಕದಲ್ಲೇ ಇಡುತ್ತೇನೆ. ಅಲ್ಲಿ ಆಗ ಬೆಳಗಿನ ವಾರ್ತೆಯ ಹೊತ್ತು.