ಡಿಜಿಟಲ್ ಸಹಿ: ಮುದ್ರೆಯುಂಗುರ ಯಾರ ಕೈಯಲ್ಲಿದೆ?

ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದಲ್ಲಿ ನಂದರ ಅಮಾತ್ಯನಾದ ರಾಕ್ಷಸನು ತನ್ನ ಕುಟುಂಬವನ್ನು ರತ್ನವ್ಯಾಪಾರಿ ಚಂದನದಾಸನ ಮನೆಯಲ್ಲಿರಿಸಿ ಪಾಟಲೀಪುತ್ರವನ್ನು ಬಿಟ್ಟು ಹೋಗುತ್ತಾನೆ. ಹೊರಡುವಾಗ ಪತ್ನಿಯ ಬಳಿ ಉಳಿದ ಅವನ ಮುದ್ರೆಯುಂಗುರವು ಆಕೆಯ ಬೆರಳಿಗೆ ಸಡಿಲವಾಗಿ ಜಾರಿಬಿದ್ದು, ಗೂಢಚಾರನೊಬ್ಬನ ಮೂಲಕ ಚಾಣಕ್ಯನ ಕೈ ಸೇರುತ್ತದೆ. ಆ ಉಂಗುರದಿಂದ ಮುದ್ರೆಯೊತ್ತಿದ ಒಂದೇ ಒಂದು ಪತ್ರ ರಾಕ್ಷಸನ ತಂತ್ರಗಳನ್ನೆಲ್ಲ ಬುಡಮೇಲು ಮಾಡುತ್ತದೆ. ಪತ್ರ ಅವನದಲ್ಲ, ಆದರೆ ಮುದ್ರೆ ಅವನದೇ. ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವೆಂಬ ಹೆಸರಿನಿಂದ ಈ ಕಥೆಯನ್ನು ಕನ್ನಡ ಗದ್ಯಕ್ಕೆ ತಂದನು.

ಅಂತಹುದೇ ಉಂಗುರವು ಇಂದು ಹೆಬ್ಬೆರಳಿನ ಗಾತ್ರದ ಯುಎಸ್‌ಬಿ ಟೋಕನ್ನಿನ ರೂಪದಲ್ಲಿ ಪ್ರತಿಯೊಂದು ಸಣ್ಣ ಕಂಪನಿಯ ನಿರ್ದೇಶಕನಿಗೂ ಇದೆ. ಆದರೆ ಅದು ಅವನ ಬಳಿಯೇ ಇರುವುದು ಅಪರೂಪ. ಬಹುಪಾಲು ಟೋಕನ್ನುಗಳು ಲೆಕ್ಕಪರಿಶೋಧಕರ ಅಥವಾ ತೆರಿಗೆ ಸಲಹೆಗಾರರ ಮೇಜಿನ ಡ್ರಾಯರಿನಲ್ಲಿ, ಪಿನ್ ಸಂಖ್ಯೆಯ ಚೀಟಿ ಅಂಟಿಸಿಕೊಂಡು, ರಬ್ಬರ್ ಬ್ಯಾಂಡಿನ ಕಟ್ಟಿನೊಳಗೆ ಮಲಗಿರುತ್ತವೆ.

ಈ ಪದ್ಧತಿ ಬೆಳೆದುದಕ್ಕೆ ಕಾರಣವಿಲ್ಲದಿಲ್ಲ. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ಡಿಜಿಟಲ್ ಸಹಿಗೆ ಕಾಗದದ ಮೇಲಿನ ಸಹಿಯ ಮಾನ್ಯತೆಯನ್ನು ನೀಡಿತು. 2006ರಲ್ಲಿ ಕಂಪನಿ ವ್ಯವಹಾರಗಳ ಮಂತ್ರಾಲಯವು ತನ್ನ ನಮೂನೆಗಳನ್ನು ವಿದ್ಯುನ್ಮಾನ ರೂಪದಲ್ಲಿಯೇ ಸಲ್ಲಿಸುವಂತೆ ಮಾಡಿತು. ಇ-ಟೆಂಡರು, ಆದಾಯ ತೆರಿಗೆ, 2017ರಿಂದ ಜಿಎಸ್‌ಟಿ ಒಂದರ ಹಿಂದೊಂದು ಬಂದವು. ಇಪ್ಪತ್ತನೆಯ ತಾರೀಖಿನ ರಾತ್ರಿ ಪೋರ್ಟಲ್ ತೆವಳುತ್ತಿರುವಾಗ, ಸಹಿಗಾಗಿ ಮಾಲೀಕನನ್ನು ಹುಡುಕಿಕೊಂಡು ಕಾರ್ಖಾನೆಗೆ ಹೋಗಲು ಯಾವ ಗುಮಾಸ್ತನಿಗೂ ಸಾಧ್ಯವಿಲ್ಲ. ಮಾಲೀಕನಿಗೂ ‘ನೀವೇ ನೋಡಿಕೊಳ್ಳಿ’ ಎಂದುಬಿಟ್ಟರೆ ನಿಶ್ಚಿಂತೆ.

ಆದರೆ ಸಹಿ ಮಾಡಿದ ಖಾಲಿ ಚೆಕ್ಕನ್ನು ಇನ್ನೊಬ್ಬರ ಬಳಿ ಬಿಟ್ಟುಬರಲು ಇದೇ ಮಾಲೀಕನು ಹತ್ತು ಬಾರಿ ಯೋಚಿಸುತ್ತಾನೆ. ಖಾಲಿ ಚೆಕ್ಕಿನ ಅಪಾಯಕ್ಕೆ ಬ್ಯಾಂಕಿನಲ್ಲಿರುವ ಹಣವಾದರೂ ಮಿತಿಯಾಗುತ್ತದೆ. ಟೋಕನ್ನಿಗೆ ಅಂತಹ ಮಿತಿಯಿಲ್ಲ. ಅದರೊಳಗಿರುವುದು ‘ಖಾಸಗಿ ಕೀಲಿ’ ಎಂಬ ಗುಪ್ತ ಸಂಕೇತ. ಇದನ್ನು ಹೊರತೆಗೆದು ನಕಲು ಮಾಡಲಾಗದಂತೆ ಟೋಕನ್ನನ್ನು ರಚಿಸಲಾಗಿದೆ. ಆದುದರಿಂದ ತಂತ್ರಜ್ಞಾನದ ಕಡೆಯಿಂದ ಭದ್ರತೆಗೆ ಕೊರತೆಯಿಲ್ಲ. ಟೋಕನ್ನೂ ಪಿನ್ನೂ ಒಂದೇ ಕೈಯಲ್ಲಿ ಸೇರಿದಾಗ ಮಾತ್ರ ಆ ಕೈ ಯಾರದೆಂದು ಕಂಪ್ಯೂಟರು ಕೇಳುವುದಿಲ್ಲ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ತಂದೆ ಮತ್ತು ಇಬ್ಬರು ಮಕ್ಕಳು ನಿರ್ದೇಶಕರಾಗಿರುವ ಕಂಪನಿ. ಮೂವರ ಟೋಕನ್ನುಗಳೂ ಸಲಹೆಗಾರನ ಕಚೇರಿಯಲ್ಲಿವೆ. ಮಕ್ಕಳಲ್ಲಿ ವೈಮನಸ್ಯ ಮೂಡುತ್ತದೆ. ದಿನವೂ ಕಚೇರಿಗೆ ಬಂದುಹೋಗುವ ಹಿರಿಯ ಮಗನ ಮಾತಿನಂತೆ, ತಂದೆಯ ಡಿಜಿಟಲ್ ಸಹಿಯೊಂದಿಗೆ, ಹೊಸ ಷೇರುಗಳ ಹಂಚಿಕೆಯ ವಿವರ ನಮೂನೆ ಪಿಎಎಸ್-3ರಲ್ಲಿ ಸಲ್ಲಿಕೆಯಾಗುತ್ತದೆ. ಕಿರಿಯನ ಪಾಲು ರಾತ್ರೋರಾತ್ರಿ ಕರಗುತ್ತದೆ. ತಿಳಿದ ಮೇಲೆ ಅವನು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಾಧಿಕರಣದ ಬಾಗಿಲು ತಟ್ಟಬೇಕು. ತಂದೆಯು ತನ್ನ ಸಹಿಯನ್ನು ತಾನೇ ಅಲ್ಲಗಳೆಯಬೇಕು. ಸಲಹೆಗಾರನು ಮುಗ್ಧನೇ ಇದ್ದರೂ ಎರಡು ಪಕ್ಷಗಳ ನಡುವೆ ಸಿಲುಕುವುದು ನಿಶ್ಚಿತ.

ತನ್ನ ಸಹಿಯನ್ನು ಅಲ್ಲಗಳೆಯುವುದು ಸುಲಭದ ಕೆಲಸವಲ್ಲ. ಖಾಸಗಿ ಕೀಲಿಯು ತನ್ನ ನಿಯಂತ್ರಣದಲ್ಲಿಯೇ ಉಳಿಯುವಂತೆ ಯುಕ್ತ ಎಚ್ಚರ ವಹಿಸುವುದು ಪ್ರಮಾಣಪತ್ರ ಪಡೆದವನ ಕರ್ತವ್ಯವೆಂದು ಅಧಿನಿಯಮದ 42ನೆಯ ಕಲಮು ವಿಧಿಸುತ್ತದೆ. ಕೀಲಿ ಕೈತಪ್ಪಿದರೆ ಪ್ರಮಾಣೀಕರಣ ಪ್ರಾಧಿಕಾರಕ್ಕೆ ತಡವಿಲ್ಲದೆ ತಿಳಿಸಬೇಕು. ತಿಳಿಸುವವರೆಗಿನ ಹೊಣೆ ಅವನದೇ. ಸುರಕ್ಷಿತ ವಿದ್ಯುನ್ಮಾನ ಸಹಿಯನ್ನು ಅದರ ಒಡೆಯನೇ ಒಪ್ಪಿ ಹಾಕಿದ್ದಾನೆಂದು, ವಿರುದ್ಧವಾದುದು ರುಜುವಾತಾಗದ ಹೊರತು, ನ್ಯಾಯಾಲಯವು ಭಾವಿಸಿಕೊಳ್ಳುತ್ತದೆ. ಹಳೆಯ ಸಾಕ್ಷ್ಯ ಅಧಿನಿಯಮದಲ್ಲಿದ್ದ ಈ ಪೂರ್ವಭಾವನೆಯು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಸಹಿಯು ‘ಸುರಕ್ಷಿತ’ವೆನಿಸಬೇಕಾದರೆ ಅದನ್ನು ಹಾಕುವ ಹೊತ್ತಿನಲ್ಲಿ ಕೀಲಿಯು ಸಹಿದಾರನೊಬ್ಬನ ನಿಯಂತ್ರಣದಲ್ಲಿಯೇ ಇರಬೇಕೆಂದು 15ನೆಯ ಕಲಮು ಹೇಳುತ್ತದೆ. ಟೋಕನ್ನು ಸದಾ ಪರರ ಡ್ರಾಯರಿನಲ್ಲಿದ್ದರೆ, ಮುಂದೊಂದು ದಿನ ತನ್ನದೇ ನಿಜವಾದ ಸಹಿಯ ಬಲವನ್ನು ಅವಲಂಬಿಸಬೇಕಾದಾಗ ಎದುರಾಳಿಯ ವಕೀಲನು ಇದೇ ಕಲಮನ್ನು ಎತ್ತಿ ತೋರಿಸಬಹುದು.

ಬೇರೊಬ್ಬರ ವಿದ್ಯುನ್ಮಾನ ಸಹಿಯನ್ನೋ ಪಾಸ್‌ವರ್ಡನ್ನೋ ವಂಚನೆಯಿಂದ ಬಳಸುವವರಿಗೆ 66ಸಿ ಕಲಮಿನನ್ವಯ ಮೂರು ವರ್ಷಗಳವರೆಗೆ ಸೆರೆವಾಸವೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು. ಒಪ್ಪಿಗೆ ಪಡೆದು ಸದುದ್ದೇಶದಿಂದ ಬಳಸುವ ಸಲಹೆಗಾರನಿಗೆ ಈ ಕಲಮು ತಾಗಲಿಕ್ಕಿಲ್ಲ. ಆದರೂ ‘ಮೇಲಿನ ವಿವರಗಳು ನನ್ನ ತಿಳಿವಳಿಕೆಯಂತೆ ಸತ್ಯ’ ಎಂಬ ಘೋಷಣೆಯ ಕೆಳಗೆ, ಅದನ್ನು ಓದಿಯೇ ಇರದವನ ಸಹಿ ಬೀಳುತ್ತದೆ. ಇಲ್ಲಿ ವೃತ್ತಿಬಾಂಧವರೂ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ತಮ್ಮ ಹೆಸರಿನಲ್ಲಿ ಖೋಟಾ ಪ್ರಮಾಣಪತ್ರಗಳು ಹೊರಬೀಳುತ್ತಿವೆಯೆಂದು ಕಂಡಾಗ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯು 2019ರಲ್ಲಿ ಹಂತಹಂತವಾಗಿ ಯುಡಿಐಎನ್ ಎಂಬ ಗುರುತಿನ ಸಂಖ್ಯೆಯನ್ನು ಕಡ್ಡಾಯಗೊಳಿಸಿತು. ತಮ್ಮ ಸಹಿಗೆ ಇಷ್ಟು ಕಾವಲು ಹಾಕಿಕೊಂಡವರ ಕಚೇರಿಗಳಲ್ಲಿಯೇ ಕಕ್ಷಿದಾರರ ಸಹಿಗಳು ರಬ್ಬರ್ ಬ್ಯಾಂಡಿನಲ್ಲಿರುವುದು ಶೋಭೆಯ ಮಾತಲ್ಲ.

ಟೋಕನ್ನಿಗಿಂತಲೂ ಹೆಚ್ಚು ಹಾನಿಯನ್ನು ಸದ್ದಿಲ್ಲದೆ ಮಾಡುವುದು ನೋಂದಣಿಯಲ್ಲಿರುವ ಮಿಂಚಂಚೆ ಮತ್ತು ಮೊಬೈಲ್ ಸಂಖ್ಯೆ. ಜಿಎಸ್‌ಟಿ ಕಾಯಿದೆಯ 169ನೆಯ ಕಲಮಿನಂತೆ, ನೋಂದಾಯಿತ ಮಿಂಚಂಚೆಗೆ ಕಳುಹಿಸುವುದು ಅಥವಾ ಪೋರ್ಟಲಿನಲ್ಲಿ ದೊರೆಯುವಂತೆ ಮಾಡುವುದು ಕೂಡ ನೋಟೀಸು ಜಾರಿಯ ಅಂಗೀಕೃತ ವಿಧಾನ. ಆ ವಿಳಾಸ ಸಲಹೆಗಾರನದಾಗಿದ್ದು, ಅವನು ವೃತ್ತಿ ಬಿಟ್ಟಿದ್ದರೆ ಅಥವಾ ಶುಲ್ಕದ ವಿಷಯದಲ್ಲಿ ಮುನಿಸಿಕೊಂಡಿದ್ದರೆ, ಏಕಪಕ್ಷೀಯ ಆದೇಶ ಹೊರಟ ಸಂಗತಿಯೂ ವರ್ತಕನಿಗೆ ತಿಳಿಯುವುದಿಲ್ಲ. ಮೇಲ್ಮನವಿಗೆ ಮೂರು ತಿಂಗಳು; ಸಕಾರಣವಿದ್ದರೆ ಇನ್ನೊಂದು ತಿಂಗಳು. ಬ್ಯಾಂಕ್ ಖಾತೆ ಜಪ್ತಿಯಾದಾಗ ಕಣ್ಣು ಬಿಡುವವರಿಗೆ ಈ ಅವಧಿ ಮುಗಿದೇ ಇರುತ್ತದೆ. ನೋಟೀಸನ್ನು ಕಂಡೇ ಇರಲಿಲ್ಲವೆಂದು ಉಚ್ಚ ನ್ಯಾಯಾಲಯಗಳ ಮೆಟ್ಟಿಲೇರಿದ ವರ್ತಕರು ಕಡಿಮೆಯಲ್ಲ.

ಸೋಜಿಗವೆಂದರೆ, ಸಹಿಯನ್ನು ಒಪ್ಪಿಸದೆಯೇ ಕೆಲಸವನ್ನು ಒಪ್ಪಿಸಲು ಈ ಪೋರ್ಟಲುಗಳಲ್ಲಿಯೇ ಅವಕಾಶವಿದೆ. ಇ-ವೇ ಬಿಲ್ಲಿನ ಪೋರ್ಟಲಿನಲ್ಲಿ ಗೋದಾಮಿನ ಗುಮಾಸ್ತನಿಗೆ ಸೀಮಿತ ಅಧಿಕಾರವುಳ್ಳ ಉಪ ಬಳಕೆದಾರನ ಖಾತೆಯನ್ನು ತೆರೆದುಕೊಡಬಹುದು. ಅವನು ಕೆಲಸ ಬಿಟ್ಟ ದಿನವೇ ಅದನ್ನು ಮುಚ್ಚಬಹುದು. ಜಿಎಸ್‌ಟಿ ವೃತ್ತಿನಿರತನಿಗೆ ಅವನದೇ ಲಾಗಿನ್ ಇದೆ. ಆದಾಯ ತೆರಿಗೆ ಪೋರ್ಟಲಿನಲ್ಲಿ ಲೆಕ್ಕಪರಿಶೋಧಕನನ್ನು ಹೆಸರಿಸಿ ನಿಯೋಜಿಸಬಹುದು. ಅರ್ಧ ಗಂಟೆಯ ಈ ಕೆಲಸವನ್ನು ಮಾಡಿಕೊಂಡ ವರ್ತಕರು ಎಣಿಕೆಗೆ ಸಿಗುವಷ್ಟೇ.

ಇನ್ನು ಮಾಲೀಕನು ತೀರಿಕೊಂಡಾಗಿನ ಸ್ಥಿತಿ. ಏಕಮಾಲೀಕತ್ವದ ಅಂಗಡಿಗಳಲ್ಲಿ ಗತಿಸಿದ ತಂದೆಯ ಮೊಬೈಲಿಗೆ ತಿಂಗಳು ತಿಂಗಳು ರೀಚಾರ್ಜ್ ಮಾಡಿಸಿ, ಅದಕ್ಕೆ ಬರುವ ಓಟಿಪಿಯಿಂದಲೇ ಮಗನು ವಿವರಪಟ್ಟಿ ಸಲ್ಲಿಸುತ್ತಿರುವುದುಂಟು. ಭಾವನೆ ಅರ್ಥವಾಗುವಂಥದೇ, ಆದರೆ ಸತ್ತವರು ತೆರಿಗೆ ಘೋಷಣೆ ಮಾಡಲಾರರು. ವಾರಸುದಾರನು ವ್ಯವಹಾರವನ್ನು ಮುಂದುವರಿಸುವುದಾದರೆ ಉತ್ತರಾಧಿಕಾರದ ದಿನದಿಂದ ತನ್ನ ಹೆಸರಿನಲ್ಲಿ ನೋಂದಣಿ ಪಡೆಯಬೇಕು. ಉಳಿದಿರುವ ಹೂಡುವಳಿ ತೆರಿಗೆ ಜಮೆಯನ್ನು ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಂಡು, ಹಳೆಯ ನೋಂದಣಿಯನ್ನು ರದ್ದುಪಡಿಸಿಕೊಳ್ಳಬೇಕು. ತಂದೆಯ ಹೆಸರಿನಲ್ಲಿ ಟೋಕನ್ನೂ ಇದ್ದಲ್ಲಿ, ಮರಣ ಪ್ರಮಾಣಪತ್ರದ ಪ್ರತಿಯೊಂದಿಗೆ ಅದನ್ನು ನೀಡಿದ ಪ್ರಾಧಿಕಾರಕ್ಕೆ ಬರೆದರೆ 38ನೆಯ ಕಲಮಿನಂತೆ ಆ ಸಹಿಯನ್ನು ರದ್ದುಗೊಳಿಸಲು ಬರುತ್ತದೆ.