ಸಂಗೀತ ಪತ್ರಿಕೆಯೊಂದರ ಮುಖಪುಟ ವಿಚಾರ

ಮದರಾಸಿನ ಸಂಗೀತ ಅಕಾಡೆಮಿಯು 1930ರಲ್ಲಿ ತನ್ನ ತ್ರೈಮಾಸಿಕ ಪತ್ರಿಕೆಯನ್ನು ಆರಂಭಿಸಿದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. 1953ರಲ್ಲಿ ಅದು ಮೈಸೂರಿನೊಡನೆ ಕೂಡಿತು. ಆ ಪತ್ರಿಕೆಯ ಮುಖಪುಟದ ವಿನ್ಯಾಸವು ವಿಚಾರಾರ್ಹವಾದುದು.

ಅಲ್ಲಿ ಮೊದಲು ಪತ್ರಿಕೆಯ ನಾಮಧೇಯ. ಅನಂತರ, ಸಂಗೀತದ ಶಾಸ್ತ್ರ ಮತ್ತು ಕಲೆಗಳ ಅಭಿವೃದ್ಧಿಯೇ ಉದ್ದೇಶವೆಂಬ ಇಂಗ್ಲಿಷ್ ವಾಕ್ಯ. ಅದರ ಕೆಳಗೆ ನಾಗರಾಕ್ಷರಗಳಲ್ಲಿ ಒಂದು ಸಂಸ್ಕೃತ ಶ್ಲೋಕ. ತನ್ನ ವಾಸವು ವೈಕುಂಠದಲ್ಲಲ್ಲ, ಯೋಗಿಗಳ ಹೃದಯದಲ್ಲಲ್ಲ, ಸೂರ್ಯನಲ್ಲಿಯೂ ಅಲ್ಲ, ಭಕ್ತರು ಹಾಡುವೆಡೆಯಲ್ಲಿ ಎಂದು ವಿಷ್ಣುವು ನಾರದನಿಗೆ ಹೇಳುವುದೇ ಅದರ ತಾತ್ಪರ್ಯ.

ಈ ಜೋಡಣೆಯಲ್ಲಿ ಒಂದು ಮರ್ಮವುಂಟು. ಉದ್ದೇಶವಾಕ್ಯದಲ್ಲಿ ಶಾಸ್ತ್ರವು ಮೊದಲು, ಕಲೆಯು ಅನಂತರ. ಶ್ಲೋಕದಲ್ಲಾದರೋ ಶಾಸ್ತ್ರದ ಹೆಸರೇ ಇಲ್ಲ, ಗಾನಕ್ರಿಯೆಯೊಂದೇ ಉಂಟು. ಲಕ್ಷಣವು ಲಕ್ಷ್ಯವನ್ನು ಅನುಸರಿಸತಕ್ಕದ್ದೆಂಬ ನ್ಯಾಯವು ಹೀಗೆ ಪುಟದ ಕ್ರಮದಿಂದಲೇ ವ್ಯಕ್ತವಾಗುತ್ತದೆ. ಶ್ಲೋಕವು ಕೇಳುವ ಅರ್ಹತೆ ಭಕ್ತಿ ಮತ್ತು ಗಾನ ಮಾತ್ರ. ಆದುದರಿಂದ ರಾಗಲಕ್ಷಣವನ್ನೋದದೆ ಕೊಟ್ಟೂರಿನ ಭಜನೆಯಲ್ಲಿ ತತ್ತ್ವಪದ ಹಾಡುವವನೂ ಮದರಾಸಿನ ಸಭೆಯ ವಿದ್ವಾಂಸನೂ ಅದರ ದೃಷ್ಟಿಯಲ್ಲಿ ಸಮಾನರು. ಒಳಪುಟಗಳ ಶಾಸ್ತ್ರಚರ್ಚೆಗೆ ತೊಡಗುವವರು ಈ ಮುಖಪುಟವನ್ನು ಬರಿಯ ಅಲಂಕಾರವೆಂದು ದಾಟಿಹೋಗದೆ ಪೀಠಿಕೆಯೆಂದೇ ಓದತಕ್ಕದ್ದು.