ಆಂಟಿಬಯೋಟಿಕ್‌ಗೊಂದು ಅಚ್ಚು ಹಾಕಿದ ಫಾರಂ

ನಮ್ಮವರು ಯಾರಾದರೂ ಆಸ್ಪತ್ರೆಗೆ ಸೇರಿದರೆ ಕೇಸ್ ಶೀಟಿನಲ್ಲಿ ಡಾಕ್ಟರು ಅವಸರದಲ್ಲಿ ಬರೆದ ಒಂದೇ ಸಾಲಿನಿಂದ ಆಂಟಿಬಯೋಟಿಕ್ ಇಂಜೆಕ್ಷನ್ ಶುರುವಾಗುವುದುಂಟು. ಯಾವ ಸೋಂಕಿಗೆ, ಎಷ್ಟು ದಿನಕ್ಕೆ ಅಂತ ಬರೆದಿರುವುದಿಲ್ಲ. ಡ್ಯೂಟಿ ಬದಲಾದಾಗ ಬಂದವರು "ಅದನ್ನೇ ಮುಂದುವರಿಸಿ" ಎನ್ನುತ್ತಾರೆ. ಐದು ದಿನದ ಔಷಧ ಹತ್ತು ದಿನವಾಗುತ್ತದೆ. ಇದರಲ್ಲಿ ಯಾರದೂ ಕೆಟ್ಟ ಉದ್ದೇಶವಿಲ್ಲ, ಯಾವಾಗ ನಿಲ್ಲಿಸಬೇಕು ಅಂತ ಬರೆಯಲು ಕಾಗದದಲ್ಲಿ ಜಾಗವೇ ಇಲ್ಲ, ಅಷ್ಟೆ.

ಆ ಜಾಗ ಮಾಡಿಕೊಡುವುದೇ ಆಂಟಿಬಯೋಟಿಕ್ ಆರ್ಡರ್ ಫಾರಂ. ಕಾಯಿಲೆ ಏನು, ರೋಗಿಯ ತೂಕ ಎಷ್ಟು, ಹಿಂದೆ ಪೆನಿಸಿಲಿನ್ ಅಲರ್ಜಿ ಆಗಿತ್ತೇ, ರಕ್ತ ಅಥವಾ ಮೂತ್ರ ಕಲ್ಚರ್‌ಗೆ ಹೋಗಿದೆಯೇ, ಡೋಸ್ ಎಷ್ಟು, ಯಾವ ತಾರೀಕಿಗೆ ನಿಲ್ಲಿಸಬೇಕು – ಇವಕ್ಕೆಲ್ಲ ಅದರಲ್ಲಿ ಒಂದೊಂದು ಕಲಂ. 48ರಿಂದ 72 ಗಂಟೆಯೊಳಗೆ ಡಾಕ್ಟರು ಮತ್ತೆ ನೋಡಿ ಸಹಿ ಹಾಕಬೇಕು. ಅಷ್ಟರಲ್ಲಿ ಸಾಮಾನ್ಯವಾಗಿ ಕಲ್ಚರ್ ರಿಪೋರ್ಟ್ ಬಂದಿರುತ್ತದೆ. ಔಷಧ ಬದಲಿಸಬೇಕೋ, ಮಾತ್ರೆಗೆ ಇಳಿಸಬೇಕೋ, ಬೇಡವೇ ಬೇಡವೋ ಅಂತ ತೀರ್ಮಾನಿಸಬಹುದು. ಹಾಗಂತ ರಕ್ತಕ್ಕೆ ನಂಜೇರಿದವರಿಗೆ ಫಾರಂ ತುಂಬುವ ತನಕ ಕಾಯುವಂತಿಲ್ಲ. ಮೊದಲ ಡೋಸ್ ಕೊಟ್ಟೇ ಬರೆಯಬೇಕು.

ಜೆಂಟಾಮೈಸಿನ್ ಇಂಜೆಕ್ಷನ್ನನ್ನೇ ತೆಗೆದುಕೊಳ್ಳಿ. ಅಗ್ಗದ ಔಷಧ, ಒಳ್ಳೆಯ ಔಷಧ. ಆದರೆ ಹೆಚ್ಚಾದರೆ ಕಿಡ್ನಿಗೂ ಕಿವಿಗೂ ಪೆಟ್ಟು. ಕಿಡ್ನಿ ಸುಧಾರಿಸಬಹುದು, ಹೋದ ಕಿವಿ ಬಹಳ ಮಟ್ಟಿಗೆ ವಾಪಸ್ ಬರುವುದಿಲ್ಲ. ಫಾರಂನಲ್ಲಿ ಕ್ರಿಯಾಟಿನಿನ್ ಪರೀಕ್ಷೆಗೊಂದು ಕಲಂ ಇದ್ದು ಅದು ಖಾಲಿ ಕಂಡರೆ, ಸಿಸ್ಟರ್ ಕೂಡ ಧೈರ್ಯವಾಗಿ ಕೇಳಬಹುದು. ನಮ್ಮ ಲೆಕ್ಕಕ್ಕೆ ಫಾರಂನ ದೊಡ್ಡ ಉಪಕಾರ ಇದೇ. ಇಲ್ಲದಿದ್ದರೆ ದೊಡ್ಡ ಡಾಕ್ಟರನ್ನು ಪ್ರಶ್ನಿಸುವುದು ಎಲ್ಲರಿಂದಾಗುವ ಮಾತೇ?

2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ವೈದ್ಯಕೀಯ ಕಾಲೇಜುಗಳ ಡಾಕ್ಟರುಗಳಿಗೆ ಪತ್ರ ಬರೆದು, ಆಂಟಿಬಯೋಟಿಕ್ ಬರೆಯುವಾಗ ಕಾರಣವನ್ನೂ ಕಡ್ಡಾಯವಾಗಿ ಬರೆಯಿರಿ ಎಂದು ಕೇಳಿಕೊಂಡರು. ಔಷಧಕ್ಕೆ ಬಗ್ಗದ ರೋಗಾಣುಗಳು ಹೆಚ್ಚುತ್ತಿರುವುದೇ ಇದಕ್ಕೆ ಕಾರಣ. ಬೇಡದ ದಿನಗಳ ಔಷಧ ಅಂಥ ರೋಗಾಣುಗಳಿಗೆ ಅನುಕೂಲ. ಆದರೆ ಕಣ್ಣುಮುಚ್ಚಿ ಟಿಕ್ ಹಾಕಿದರೆ ಫಾರಂ ಬರೀ ಕಾಗದ. ವಾರಕ್ಕೊಮ್ಮೆಯಾದರೂ ಯಾರಾದರೂ ಕೂತು ತಿರುವಿ ನೋಡಬೇಕು.

ರೋಗಿಯ ಜೊತೆ ನಿಲ್ಲುವವರು ಹಳೆಯ ಡಿಸ್ಚಾರ್ಜ್ ಚೀಟಿ ತನ್ನಿ. ಅಲರ್ಜಿ, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. "ಇದು ಯಾವುದಕ್ಕೆ, ಎಷ್ಟು ದಿನ ಡಾಕ್ಟ್ರೇ?" ಅಂತ ಕೇಳಿ. ನೀವಾಗಿಯೇ ಮಾತ್ರ ಔಷಧ ನಿಲ್ಲಿಸಬೇಡಿ.